ಬಳೆ ಕಂಡವು

ಮಡಗಾಂವಿನ ಸರಕಾರಿ ಆಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ
ಎಲುಬಿನ ಫೋಟೊ ತೆಗೆಯುವುದು.
ಹಿಮ್ಮಡಿಯೊಳಗೆ ಮುರಿದ ಸೂಜಿ ಕಂಡಿದ್ದೇನೆ,
ಮಗುವಿನ ಗಂಟಲಲ್ಲಿ ನಿಂತ ಎರಡು ರೂಪಾಯಿ,
ಕುಡಿದು ಬಿದ್ದವನ ಮೊಣಕೈಯಲ್ಲಿ ಬಾಟಲಿಯ ಚೂರು,
ಬೇತುಲದವನೊಬ್ಬನ ಹೆಬ್ಬೆರಳಲ್ಲಿ ಗಾಳ, ಕೊಕ್ಕೆ ಸಮೇತ.
ಇಲ್ಲದ್ದನ್ನು ಕಂಡೆ ಎಂದವನಲ್ಲ.
ಇದ್ದದ್ದನ್ನು ಇಲ್ಲ ಎಂದದ್ದು
ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ.

ಫಕೀರವ್ವ ಬಂದದ್ದು ಒಂದು ಮಂಗಳವಾರ.
ಫಾತೋರ್ಡಾದ ಕಟ್ಟಡದಲ್ಲಿ ಸಾರುವೆಯ ಬಿದಿರು ಜಾರಿ
ಅಂಗೈ ಉಜ್ಜಿಕೊಂಡು ಹೋಗಿತ್ತು.
ಗಾಯ ಮಾಯ್ದಿತ್ತು, ಬಾವು ಇಳಿದಿರಲಿಲ್ಲ.
ನನ್ನ ಬಾಯಲ್ಲಿ ಕನ್ನಡ ಕೇಳಿ
ಬೆಂಚಿನಿಂದ ಅರ್ಧ ಎದ್ದಳು:
"ಒಳಗ ಐತ್ರೀ ಅಣ್ಣಾರ.
ರಾತ್ರಿ ಆತಂದ್ರ ಎದ್ದು ಕೂಡ್ತೈತಿ."

ಬಳೆ ತೆಗಿ ಅಂದೆ.
ಕೈ ಬಾತೈತಿ, ಇಳಿಯಂಗಿಲ್ಲ, ಒಡ್ಯಾಕ ನಾ ಒಲ್ಲೆ ಅಂದಳು.
ಇರಲಿ ಬಿಡು ಅಂದೆ.
ನೇರಕ್ಕೊಂದು, ಓರೆಗೊಂದು.

ಫಿಲ್ಮಿನಲ್ಲಿ
ಇಪ್ಪತ್ತೇಳು ಎಲುಬೂ ತಮ್ಮ ತಮ್ಮ ಜಾಗದಲ್ಲಿದ್ದವು,
ಮಣಿಕಟ್ಟಿಗೆ ಆರು ಗಾಜಿನ ಬಳೆ,
ಹಸಿರೋ ಕೆಂಪೋ ಹೇಳದ ಬಿಳಿ ಗೆರೆ.
ಬರೆದೆ: ಏನೂ ಇಲ್ಲ.

ಆ ಕಾಗದ ಅವಳಿಗಿಂತ ಮೊದಲೇ ಸೈಟು ಮುಟ್ಟಿತು.
ಮುಕಾದಮ ಓದಿಸಿಕೊಂಡು ನಕ್ಕನಂತೆ,
ಪಗಾರದ ವಹಿಯಲ್ಲಿ ಅವಳ ಸಾಲಿಗೆ ಗೀಟು ಎಳೆದನಂತೆ.
ಗಂಡನೂ ಅಂದನಂತೆ,
ಮಷೀನು ಸುಳ್ಳು ಹೇಳ್ತೈತೇನ?

ಮೂರನೇ ಸಲ ಬಂದಾಗ
ಡ್ಯೂಟಿಯಲ್ಲಿದ್ದದ್ದು ಡಾಕ್ಟರ್ ಪ್ರಿಯೋಳ್ಕರ್ ಬಾಯಿ. ಹೊಸಬರು.
ನಾನು ಚಾಚಿದ ಫಿಲ್ಮು ಹಾಗೇ ಚಾಚಿಕೊಂಡಿತ್ತು.
"ಎಲ್ಲಿ ಚುಚ್ಚುತ್ತದೆ, ಕೇಳಿ" ಎಂದರು ಕೊಂಕಣಿಯಲ್ಲಿ.
ಕೇಳಿದೆ.
ಮೂರು ವಾರದಲ್ಲಿ ಆ ಪ್ರಶ್ನೆ
ನನ್ನ ಬಾಯಿಂದ ಬಂದದ್ದು ಅದೇ ಮೊದಲು.
ಅವಳು ಒಂದೇ ಬೆರಳಿಟ್ಟು ತೋರಿಸಿದಳು.
ಜೋಳದ ಕಾಳಿನಷ್ಟು ಜಾಗ.

ಪ್ಲಾಸ್ಟಿಕ್ ಟಬ್ಬಿಗೆ ಉಗುರುಬೆಚ್ಚಗಿನ ನೀರು.
ಅದರಲ್ಲಿ ಕೈ ಮುಳುಗಿಸಿ,
ಬಾತ ಚರ್ಮಕ್ಕೆ ತಾಗಿಸದೆ, ಒಂದು ಬೆರಳಗಲ ಮೇಲೆ
ಸೋನೋಗ್ರಫಿಯ ಹಿಡಿಯನ್ನು ನೀರಲ್ಲೇ ನಡೆಸಿದರು.
ಅದು ನನ್ನ ಕಿರಣದ ಕೆಲಸವಲ್ಲ, ಸದ್ದಿನದು:
ನಾಯಿಗೂ ಕೇಳದ ಸದ್ದು ಒಳಹೊಕ್ಕು
ಏನಕ್ಕಾದರೂ ಬಡಿದರೆ ವಾಪಸು ಬರುತ್ತದೆ.
ಪರದೆಯಲ್ಲಿ ಬೂದಿ, ಬೂದಿ, ಸ್ನಾಯುವಿನ ಹೆಣಿಗೆ,
ಆಮೇಲೆ ಗಿಡ್ಡದೊಂದು ಬಿಳಿ ಗೀಟು,
ಅದರ ಕೆಳಗೆ ಕಪ್ಪು ನೆರಳು,
ಮಧ್ಯಾಹ್ನ ಸಾರುವೆಯ ಬುಡದಲ್ಲಿ ಬೀಳುವಂಥದ್ದೇ.

"ಹಾಂ, ಅದ ಅದು" ಅಂದಳು,
ಪರದೆಯ ಕಡೆ ತಿರುಗದೆಯೇ.

ಕೊಯ್ದು ತೆಗೆದದ್ದು ಬಿದಿರಿನ ಸಿಬಿರು.
ಮೂರು ಅಕ್ಕಿಕಾಳಿನ ಉದ್ದ. ಕಪ್ಪಾಗಿ ನೆನೆದಿತ್ತು.
ಬಹಳ ಹೊತ್ತು ನೋಡಿದಳು,
ಸಂತೆಯಲ್ಲಿ ತೂಕ ನೋಡುವವರ ಹಾಗೆ.
"ಇದಕ್ಕೂ ಒಂದು ಕಾಗದ ಕೊಡ್ರಿ.
ಇಪ್ಪತ್ತೆರಡು ದಿನದ ಪಗಾರ ಐತಿ."

ಬರೆದುಕೊಟ್ಟೆ. ಅಕ್ಷರ ನನ್ನದು, ಸಹಿ ಬಾಯಿಯವರದು.
ಚಿತ್ರದ ಕಾಗದ ಬಿಸಿಲಿಗೆ ಮಾಸುತ್ತದೆ, ಬೇಗ ತೋರಿಸು ಅಂದೆ.
ಸಿಬಿರನ್ನು ಹತ್ತಿಯಲ್ಲಿ ಸುತ್ತಿ
ಬಸ್ಸಿನ ಚಿಲ್ಲರೆಯ ಜೊತೆ
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಎಡಗೈ ಮತ್ತು ಹಲ್ಲಿನಿಂದ.

ಸಂಜೆ ಬೀಗ ಹಾಕುವ ಮೊದಲು
ಹಳೆಯ ಫಿಲ್ಮು ತೆಗೆದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ.
ಜಾಗ ಈಗ ಗೊತ್ತಿತ್ತು. ಬೆರಳಿಟ್ಟೇ ಹುಡುಕಿದೆ.

ಬಳೆ ಕಂಡವು. ಆರು.