ಒಂದು ಅಥವಾ ಎರಡು

ಆರೂ ಹತ್ತಕ್ಕೆ ದಿಂಬಿನಡಿ ಗುಂಯ್ ಅನ್ನುತ್ತದೆ:
“ನಮಸ್ಕಾರ ನಿಸ್ಮಿತಾ, ನಿಮಗೀಗ ಇಪ್ಪತ್ತೇಳನೇ ವಾರ.
ಏಳಿ, ಇಂದು ಇಪ್ಪತ್ತು ನಿಮಿಷ ನಡೆಯಿರಿ.
ನಿನ್ನೆ ನಡೆದಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು.”

ನಿಶ್ಮಿತಾ ಕಣಮ್ಮಾ ನಾನು.
ಹೆಸರು ತಪ್ಪಿದ್ದರೆ ಯಾವುದನ್ನು ಒತ್ತಬೇಕು?

ಆರೂ ಹದಿನಾಲ್ಕಕ್ಕೆ ಇನ್ನೊಂದು, ಅರಣ್ಯದವರದು:
“ಮಾಲ್ದಾರೆ ರಸ್ತೆಯ ಎಡಗಡೆ ತೋಟದಲ್ಲಿ ಏಳು ಆನೆ.
ಎಂಟರವರೆಗೆ ಯಾರೂ ಹೊರಗೆ ಬರಬೇಡಿ.”

ಅವರೂ ಏಳು, ಇವರೂ ಏಳು.
ಒಲೆಯ ಮುಂದಿನಿಂದ ಅತ್ತೆ ಮಾತ್ರ
“ಕೂತಿರು ಮಗಾ” ಅನ್ನುತ್ತಾರೆ.

ಕೂತೇ ಇದ್ದೇನೆ. ಮೇ ತಿಂಗಳು.
ಸಿದ್ದಾಪುರದ ಎರಡು ಶಾಲೆಯ ಸಮವಸ್ತ್ರ ನನ್ನ ಮೇಜಿನ ಮೇಲೆ,
ನೀಲಿ ಲಂಗವೇ ನಲವತ್ತು, ಚಡ್ಡಿ ಬೇರೆ.
ಗುರುವಾರ ತಪಾಸಣೆಗೆ ಹೋದಾಗ ಸಿಸ್ಟರನ್ನು ಕೇಳಿದೆ,
ದಿನವಿಡೀ ಪೆಡಲು ತುಳಿಯುತ್ತೇನಲ್ಲ,
ಅದು ನಡೆದ ಲೆಕ್ಕಕ್ಕೆ ಬರುತ್ತದಾ?
ರಕ್ತದೊತ್ತಡದ ಪಟ್ಟಿ ಬಿಚ್ಚುತ್ತಾ ನಕ್ಕರು:
“ಕಾಲು ನಡೆಯಿತು. ನೀನು ನಡೆಯಲಿಲ್ಲ.”

ಹಾಗಾಗಿ ಸಂಜೆ ನಾಲ್ಕೂವರೆಗೆ ಕಣ.
ಜನವರಿಯಲ್ಲಿ ಕಾಫಿ ಹರಡಿ ಕಾಲಿಡಲು ಜಾಗವಿಲ್ಲದ ಕಣ
ಈಗ ಬೋಳು, ಬಿಸಿ,
ಮೂಲೆಯಲ್ಲಿ ಒಂದು ಮುರಿದ ಕುಂಟೆ.
ಎಡಜೇಬಿನ ತುಂಬ ಅಂಗಿಗುಂಡಿ.
ಒಂದು ಸುತ್ತಿಗೆ ಒಂದು ಗುಂಡಿ ಬಲಜೇಬಿಗೆ.
ಪಕ್ಕದ ಮನೆಯ ಸುಹರಾ ಕಟ್ಟೆಯ ಮೇಲೆ ಕೂತು
ಫೋನಿನಲ್ಲಿ ಸಮಯ ಹಿಡಿಯುತ್ತಾಳೆ:
“ಇನ್ನು ನಾಲ್ಕೇ ನಿಮಿಷ.
ಹಲಸಿನ ವಾಸನೆ ಬರ್ತಾ ಉಂಟು, ಬೇಗ ಬೇಗ.”
ಬೇಗ ಅಂದರೆ ಉಸಿರು ಎರಡು ಜನರದು, ಸುಹರಾ.

ವಾಚರ್ ಮಂದಣ್ಣ ಬೇಲಿಯಾಚೆ ಬೈಕು ನಿಲ್ಲಿಸಿ ಹೇಳಿದ,
ಏಳರಲ್ಲಿ ಒಂದು ಗಬ್ಬ.
“ಎಷ್ಟು ತಿಂಗಳು?”
“ಅದನ್ನು ಯಾರು ಕೇಳಿದ್ದಾರೆ?
ಇಪ್ಪತ್ತೆರಡು ತಿಂಗಳು ಹೊರುತ್ತದೆ.”
ನನ್ನ ಕೈ ಜೇಬಿನೊಳಗೆ ಗುಂಡಿಗಳ ಮೇಲೇ ನಿಂತಿತು.

ರಾತ್ರಿ ಹತ್ತಕ್ಕೆ ಪಟಾಕಿ ಹೊಡೆದರು.
ಒಂದು, ಆಮೇಲೆ ಸಾಲಾಗಿ.
ಆ ಬಸುರಿಗೂ ನಾವೇ ಹೇಳುವುದು:
ನಡಿ, ನಡಿ.
ಒತ್ತಲು ಸಂಖ್ಯೆ ಮಾತ್ರ ಕೊಡುವುದಿಲ್ಲ.

ಸದ್ದಿಗೆ ಒಳಗಿನದು ಒದೆಯಿತು, ಪಕ್ಕೆಲುಬಿನ ಹತ್ತಿರ.
ನಿದ್ದೆ ಹೋಯಿತು. ಎದ್ದೆ.
ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಹೊಲಿಗೆ ಯಂತ್ರಕ್ಕೆ,
ಮತ್ತೆ ಒಲೆಗೆ,
ಕತ್ತಲಲ್ಲಿ ಗೋಡೆ ಸವರಿಕೊಂಡು,
ಗುಂಡಿ ಎಣಿಸದೆ.
ಹೊರಗೆ, ಎಲೆಗಳ ಆಚೆ, ಯಾವುದೋ ಭಾರ
ಅವಸರವಿಲ್ಲದೆ ಮೇಲಿನ ತೋಟಕ್ಕೆ ಹತ್ತುತ್ತಿತ್ತು.
ಅದು ನಿಂತಾಗ ನಾನೂ ನಿಂತೆ.

ಆರೂ ಹತ್ತು.
“ನಮಸ್ಕಾರ ನಿಸ್ಮಿತಾ.”
ಹೆಬ್ಬೆರಳು ಒಂದರ ಮೇಲಿದೆ.
ಇನ್ನೂ ಒತ್ತಿಲ್ಲ.
ಮಂದಣ್ಣನ ಬೈಕಿನ ಸದ್ದು ಬರಲಿ,
ಏಳೂ ದಾಟಿದವಾ ಅಂತ ಕೇಳಿ ಒತ್ತುತ್ತೇನೆ.