ಬರಿಯ ಕೊಕ್ಕೆ

ವಯಾಲದಲ್ಲಿ ಧೂಳೂ ಕಬ್ಬಿಣದ್ದೇ.
ಉಕ್ಕಿನ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದ ದಿನ
ಒಗೆದು ಹಾಕಿದ ಬಿಳಿ ಅಂಗಿ
ಸಂಜೆಯ ಹೊತ್ತಿಗೆ ಕಾವಿ ತೊಟ್ಟಿರುತ್ತದೆ.
ಈ ಕಂಪ್ಯೂಟರೂ ಹಾಗೇ ಬಂತು, ಸನ್ಯಾಸಿಯಂತೆ,
ಮಂಗಳವಾರ ನಮ್ಮ ರಿಪೇರಿ ಷೆಡ್ಡಿಗೆ,
ಎವಾಲ್ಡ್ ಬ್ರಾಂಟನ ಕಂಕುಳಲ್ಲಿ.

ಕಾಗದ ಬರೆಯುವಾಗ ಸುಮ್ಮನಿರುತ್ತೆ, ಎಂದ.
ಕಟ್ಲ್‌ಫಿಶ್ ವಿಡಿಯೋ ಹಾಕಿದೆನೋ, ಪಟ್ಟನೆ ಸತ್ತುಹೋಗುತ್ತೆ.

ಪ್ರತಿ ಜೂನಿನಲ್ಲಿ ಕೊಲ್ಲಿಯ ಕೊರೆವ ನೀರಿಗೆ ಇಳಿದು
ಎಪ್ಪತ್ತೊಂದರ ಈ ಮುದುಕ ಅವನ್ನು ಎಣಿಸುತ್ತಾನೆ.
ಎಣಿಸಿ ಏನು ಬಂತು, ಎಂದು ಹೆಂಡತಿ ಕೇಳುತ್ತಿದ್ದಳಂತೆ.
ಉತ್ತರ ಸಿಗುವಷ್ಟರಲ್ಲಿ ಕೇಳುವವಳಿಲ್ಲ.

ನಾನು ರಾತ್ರಿ ಪಾಳಿಯ ನರ್ಸು.
ನಿದ್ದೆ ಹತ್ತದ ಹಗಲು ಇಲ್ಲಿ ಕೂತು
ತಂತಿಗಳ ನಾಡಿ ಹಿಡಿಯುತ್ತೇನೆ.

ಪೇಪರ್ ಕ್ಲಿಪ್ಪೊಂದನ್ನು ಬಿಡಿಸಿ, ಬಗ್ಗಿಸಿ,
ಹಸಿರಿಗೂ ಕಪ್ಪಿಗೂ ಗಂಟು ಹಾಕಿ ಸ್ವಿಚ್ಚು ಒತ್ತಿದೆ.
ಫ್ಯಾನು ಒಮ್ಮೆ ಕೆಮ್ಮಿತು. ತಿರುಗಿತು.
ಹಳದಿ, ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕು.
ಕೆಂಪು, ಐದು ಪಾಯಿಂಟ್ ಸೊನ್ನೆ ಒಂದು.
ಕಿತ್ತಳೆ, ಮೂರು ಪಾಯಿಂಟ್ ಮೂರು ಎರಡು.
ಮಿಕ್ಕೆಲ್ಲ ಮಲಗಿದಾಗಲೂ ಎಚ್ಚರವಿರುವುದು ನೇರಳೆ,
ನಮ್ಮ ವಾರ್ಡಿನ ಕಾರಿಡಾರಿನ ದೀಪದ ಹಾಗೆ;
ಅದೂ ಸರಿಯಾಗೇ ಇದೆ.

ಎಲ್ಲ ಚೆನ್ನಾಗಿದೆಯಲ್ಲ, ಎಂದೆ.

ಮೂವತ್ತನಾಲ್ಕು ವರ್ಷ ಕ್ರೇನ್ ಓಡಿಸಿದವನು
ಮೀಟರು ನೋಡಲಿಲ್ಲ, ನನ್ನನ್ನು ನೋಡಿದ.
ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಹೀಗೆ:
ಬರಿಯ ಕೊಕ್ಕೆ ಯಾವತ್ತೂ ನೆಟ್ಟಗೇ ತೂಗುತ್ತೆ ಕಣಮ್ಮ.
ಭಾರ ಕಟ್ಟು. ಆಮೇಲೆ ಹೇಳು.

ಅಮ್ಮ ಕುಂಬಾರನೆದುರು ಕುಕ್ಕರುಗಾಲಲ್ಲಿ ಕೂತು
ಬೆರಳ ಗೆಣ್ಣಿನಿಂದ ಬಡಿದೂ ಬಡಿದೂ ಆರಿಸಿದ ಮಡಕೆ,
ಠಣ್ಣೆಂದದ್ದೇ ಆ ಮಡಕೆ,
ನೀರು ತುಂಬಿಟ್ಟ ರಾತ್ರಿ ಅಡುಗೆಮನೆಯೆಲ್ಲ ಕೆರೆ.
ಇಷ್ಟು ವರ್ಷ ಎಲ್ಲಿತ್ತೋ ಆ ಒದ್ದೆ ನೆಲ.

ಗುಜರಿ ಹೋಲ್ಡನ್ ಕಾರುಗಳಿಂದ ಬಿಚ್ಚಿಟ್ಟ
ಹೆಡ್‌ಲೈಟ್ ಬಲ್ಬುಗಳು ಕಪಾಟಿನಲ್ಲಿದ್ದವು.
ಒಂದು ಕಟ್ಟಿದೆ: ಹನ್ನೊಂದು ಪಾಯಿಂಟ್ ಎಂಟು.
ಎರಡು: ಹನ್ನೊಂದು ಪಾಯಿಂಟ್ ಮೂರು.
ಹನ್ನೊಂದು ಪಾಯಿಂಟ್ ನಾಲ್ಕು ಲಕ್ಷ್ಮಣರೇಖೆ,
ದಾಟಿಯಾಗಿತ್ತು.
ಮೂರನೆಯದಕ್ಕೆ ಬೆಳಕು ಹಳದಿಗಟ್ಟಿ, ಕೆಂಪಗಾಗಿ,
ಹತ್ತೂವರೆಗೆ ಇಳಿದು
ಟಕ್.
ಬೆಂದ ಧೂಳಿನ ವಾಸನೆ.

ಬಿಚ್ಚಿ ನೋಡೋಣವಾ, ಎಂದ, ಸ್ಕ್ರೂಡ್ರೈವರ್ ಹಿಡಿದೇ.
ಬೇಡ. ಪ್ಲಗ್ಗು ಕಿತ್ತ ಮೇಲೂ
ಒಳಗಿನ ಕೆಪಾಸಿಟರು ಹಗೆ ಮರೆಯುವುದಿಲ್ಲ.
ಜಾಲರಿಯ ಕಿಂಡಿಗೆ ಟಾರ್ಚು ಬಿಟ್ಟು ತೋರಿಸಿದೆ:
ಎರಡರ ತಲೆ ಉಬ್ಬಿತ್ತು,
ಎಣ್ಣೆಗೆ ಈಗಷ್ಟೇ ಬಿಟ್ಟ ಪೂರಿಯಂತೆ.

ಟೀ ಕುಡಿಯುತ್ತ ಕೇಳಿದ, ನೀನು ಹೇಗಿದ್ದೀಯ?
ಸತತ ಐದು ರಾತ್ರಿ; ನಿನ್ನೆ
ನಾಲ್ಕನೆಯ ಹಾಸಿಗೆ ಖಾಲಿಯಾಗಿತ್ತು, ಹಾಳೆ ಬದಲಿಸಿದ್ದೆ.
ಹನ್ನೆರಡು ಪಾಯಿಂಟ್ ಸೊನ್ನೆ ನಾಲ್ಕು, ಎಂದೆ.
ಅವನು ನಗಲಿಲ್ಲ.
ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿದ.

ಮರುವಾರ ಹೊಸ ಸಪ್ಲೈ ಬಂತು.
ಮೂರೂ ಬಲ್ಬು ಕಣ್ಣು ಕುಕ್ಕುವಂತೆ ಉರಿದವು,
ಷೆಡ್ಡಿನ ಜೇಡರಬಲೆಗಳಿಗೂ ನೆರಳು ಬಂತು.
ಹನ್ನೆರಡು ಪಾಯಿಂಟ್ ಸೊನ್ನೆ ಒಂದು.
ಕೊನೆಯ ಅಂಕಿ ಮಾತ್ರ ಒಂದು, ಎರಡು,
ಸೊನ್ನೆ, ಮತ್ತೆ ಒಂದು.
ಅದ್ಯಾಕೆ ಕುಣೀತಿದೆ?
ಹೊರುತ್ತಿದೆಯಲ್ಲ, ಎಂದೆ.

ಆಮೇಲೆ ಅಲ್ಲೇ, ಬೆಂಚಿನ ಮೇಲೆ,
ಕೊಲ್ಲಿಯ ತಳ ತೆರೆದುಕೊಂಡಿತು.
ಪಾಚಿಯ ನಡುವೆ ನೀಲಿ ಹೊಳೆವ ತೋಳುಗಳು,
ಮೈಮೇಲೆ ಮೋಡದ ನೆರಳಿನಂತೆ ಓಡುವ ಪಟ್ಟೆಗಳು.
ಎರಡು ನಿಮಿಷ. ಐದು ನಿಮಿಷ. ಸಾಯಲಿಲ್ಲ.
ಎಣಿಸು, ಎಂದ.
ಇಬ್ಬರೂ ಎಣಿಸಿದೆವು.
ನನ್ನದು ಹದಿನಾಲ್ಕು, ಅವನದು ಹದಿನಾರು.
ಎರಡು ಕಲ್ಲಿನ ಬಣ್ಣ ತಳೆದು ಕೂತಿದ್ದವು.