ಪಾಲಿನ ನೀರು

ಅರ್ಜಿ ಎರಡೇ ಪುಟ.
ಹೆಸರು: ಮಿಸ್ರಿಯಾ. ಈಗಿನ ವಿಭಾಗ: ಪೆಟ್ರೋಲಿಯಂ.
ಬಯಸುವ ವಿಭಾಗ: ಇತಿಹಾಸ.
ಕಾರಣ ಅಂತ ಒಂದು ಕಾಲಂ, ಮೂರು ಗೆರೆ ಜಾಗ.
ಗುರುವಾರ ಮಧ್ಯಾಹ್ನ ಎರಡರೊಳಗೆ ಕೊಡಬೇಕು.

ಇವತ್ತು ಮಂಗಳವಾರ.
ಲ್ಯಾಬಿನಲ್ಲಿ ಹಲ್ಲುನೋವು ಅಂತ ಹೇಳಿ
ಮಸ್ಕತ್ತಿನಿಂದ ನಿಜ್ವಾಕ್ಕೆ ಬಸ್ಸು ಹತ್ತಿ ಬಂದಿದ್ದೇನೆ.

ಒಂದೂವರೆ ವರ್ಷ ನಾನು ನೋಡಿದ್ದು
ಎರಡು ಸಾವಿರ ಮೀಟರ್ ಕೆಳಗಿನಿಂದ ಕೊರೆದು ತಂದ
ಬಳೆಗಾತ್ರದ ಕಲ್ಲಿನ ಬಿಲ್ಲೆಗಳನ್ನು.
ಒಂದೊಂದರ ಮೈಯಲ್ಲೂ ಎಷ್ಟು ತೂತು,
ತೂತಿನಲ್ಲಿ ಎಷ್ಟು ಎಣ್ಣೆ, ಎಷ್ಟು ಉಪ್ಪುನೀರು,
ಲೆಕ್ಕ ನನಗೆ ಬರುತ್ತದೆ. ಚೆನ್ನಾಗಿಯೇ ಬರುತ್ತದೆ.
ಕಷ್ಟ ಇರುವುದೇ ಅಲ್ಲಿ.
ಬಾರದಿದ್ದರೆ ಬಿಡುವುದು ಸುಲಭವಿತ್ತು,
ಊರವರಿಗೆ ಹೇಳಲು ಒಂದು ಮಾತಿರುತ್ತಿತ್ತು.

ಡಾಕ್ಟರ್ ಬುಥೈನಾ ಕನ್ನಡಕ ಒರೆಸುತ್ತಾ ಕೇಳಿದರು:
"ಇತಿಹಾಸ ಓದಿ, ಆಮೇಲೆ?"
ಅವರ ಆಮೇಲೆಯಲ್ಲಿ ಕೋಪವಿರಲಿಲ್ಲ.
ವಿದ್ಯಾರ್ಥಿವೇತನ ಎಣ್ಣೆ ಕಂಪನಿಯದು, ನೆನಪಿದೆಯಲ್ಲ ಅಂದರು.
ನೆನಪಿದೆ. ತಿಂಗಳಿಗೆ ಮುನ್ನೂರು ರಿಯಾಲ್,
ತಮ್ಮನ ಫೀಸು ಅದರಲ್ಲೇ.

ರೂವಿಯ ಅಂಗಡಿಯಲ್ಲಿ ಉಪ್ಪ
ದಿಶ್‌ದಾಶದ ಕೊರಳಿಗೆ ಗೊಂಡೆ ಕೂರಿಸುತ್ತಿದ್ದರು.
ಹೇಳಿದೆ.
"ತಪ್ಪಿ ಕತ್ತರಿಸಿದ ಬಟ್ಟೆಯನ್ನು ನಾನು ಎಸೆದದ್ದು ನೋಡಿದ್ದೀಯಾ?
ಮಗುವಿನ ಅಂಗಿಯಾದರೂ ಆಗುತ್ತದೆ."
ಎದೆ ಹಗುರಾಯಿತು ಅನ್ನುವಷ್ಟರಲ್ಲಿ
ನೂಲನ್ನು ಹಲ್ಲಲ್ಲಿ ಕಡಿದು ಸೇರಿಸಿದರು:
"ಆದರೆ ಬಟ್ಟೆಯ ದುಡ್ಡು ಗಿರಾಕಿ ಎರಡು ಸಲ ಕೊಡುವುದಿಲ್ಲ."
ಆಮೇಲೆ ನನಗೊಂದು ಚಹಾ ತರಿಸಿದರು.

ಈ ಹುಚ್ಚು ಹಿಡಿದದ್ದು ಇಲ್ಲೇ, ಹೋದ ಚಳಿಗಾಲ,
ಬಂಡೆ ನೋಡಲೆಂದು ಕ್ಲಾಸಿನವರೆಲ್ಲ ಬಂದಾಗ.
ಅವರು ಬೆಟ್ಟದ ಪದರ ಎಣಿಸುತ್ತಿದ್ದರು,
ನಾನು ಖರ್ಜೂರದ ತೋಟದೊಳಗೆ ಫಲಜ್ ಹಿಡಿದು ನಡೆದೆ.
ಮೊಳದಗಲದ ಕಾಲುವೆ. ಸದ್ದಿಲ್ಲ.
ನೀರು ಹಂಚುವ ಖಲ್ಫಾನ್ ಅಜ್ಜ
ನೆಟ್ಟ ಕೋಲಿನ ನೆರಳು ತೋರಿಸಿ ಅಂದಿದ್ದರು:
ಈ ಕಲ್ಲು ಮುಟ್ಟಿದರೆ ಹಮೂದನ ನೀರು ಮುಗಿಯಿತು,
ಆ ಕಲ್ಲಿನವರೆಗೆ ವಿಧವೆ ಝುವೈನಾಳದು.
ಅರ್ಧ ಗಂಟೆಗೆ ಒಂದು ಅಥರ್. ರಾತ್ರಿಯಾದರೆ ನಕ್ಷತ್ರ.
ಯಾರ ಪಾಲು ಯಾರಿಂದ ಯಾರಿಗೆ ಬಂತು ಎಂಬುದೆಲ್ಲ
ರಟ್ಟು ಹರಿದ ಒಂದು ಪುಸ್ತಕದಲ್ಲಿದೆ.
ಮಸಿ ಮಾಸುತ್ತಿದೆ. ಓದುವವರಿಲ್ಲ.
ಮದರಸದಲ್ಲಿ ಪೆಟ್ಟು ತಿಂದು ಕಲಿತ ಅಕ್ಷರಗಳ ಮೇಲೆ
ಅವತ್ತು ಮೊದಲ ಸಲ ಪ್ರೀತಿ ಬಂತು.

ನಮ್ಮಲ್ಲಿ ಎರಡಕ್ಕೂ ಒಂದೇ ಮಾತು, ಕ್ಷೇತ್ರ.
ಓದುವುದೂ ಅದನ್ನೇ, ಉಳುವುದೂ ಅದನ್ನೇ.
ಇವತ್ತು ಅಜ್ಜನಿಗೆ ಅರಬ್ಬಿಯಲ್ಲಿ ಇದನ್ನು ಹೇಳಲು ಹೋಗಿ ತೊದಲಿದೆ.
ಅರ್ಥವಾದವರಂತೆ ತಲೆಯಾಡಿಸಿ
ಒಂದು ಬಾಯಿಯಿಂದ ಚಿಂದಿ ಸುತ್ತಿದ ಕಲ್ಲು ಕಿತ್ತು
ಇನ್ನೊಂದು ಬಾಯಿಗೆ ತುರುಕಿದರು.
ನೀರು ಒಂದು ಗಳಿಗೆ ಎಲ್ಲಿಗೂ ಹೋಗದೆ
ನಿಂತಲ್ಲೇ ಉಬ್ಬಿತು.
ಆಮೇಲೆ ತಿರುಗಿತು.

"ನೀರನ್ನು ಕೇಳಿ ತಿರುಗಿಸುತ್ತೀರಾ?" ಅಂದೆ.
ನಕ್ಕರು. "ನೀರಿಗೇನು ಗೊತ್ತು.
ನಿನ್ನ ಪಾಲು ಎಷ್ಟು ಅಥರ್, ಅದನ್ನು ಹೇಳು."

ನನ್ನ ಪಾಲು?
ವಯಸ್ಸು ಇಪ್ಪತ್ತಾರು. ಹಣ ಮುಂದಿನ ರಂಜಾನಿನವರೆಗೆ.
ತಮ್ಮ ಇನ್ನೂ ಒಂಬತ್ತನೇ ಕ್ಲಾಸು.
ಎಣಿಸುತ್ತಾ ಕೂತೆ. ನೆರಳು ಒಂದು ಕಲ್ಲು ದಾಟಿತು.

ಐದೂಕಾಲರ ಬಸ್ಸಿನಲ್ಲಿ, ತೊಡೆಯ ಮೇಲೆ ಬ್ಯಾಗಿಟ್ಟು,
ಕಾರಣದ ಕಾಲಮಿನಲ್ಲಿ ಬರೆದೆ: ಒಂದು ಪುಸ್ತಕ ಓದಬೇಕಿದೆ.
ಹುಡುಗಾಟ ಅನ್ನಿಸಿತು. ಹೊಡೆದು ಹಾಕಲಿಲ್ಲ.
ಉಳಿದ ಎರಡು ಗೆರೆ ಹಾಗೇ ಇರುವಾಗ
ಲ್ಯಾಬಿನಿಂದ ಜೊವಿಟಾಳ ಮೆಸೇಜು:
ಹಲ್ಲು ಕಿತ್ತರಾ?

ಇನ್ನೂ ಇಲ್ಲ, ಅಂತ ಒತ್ತಿದೆ.
ಅಲುಗಾಡುತ್ತಿದೆ.